ಅಪ್ಪನ ಟ್ರಂಕಿನಲ್ಲಿದ್ದ ಮೂರು ಮೆಡಲ್

ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಊರು ಹಾಸನದ ಹತ್ತಿರ ಒಂದು ಹಳ್ಳಿ. ಇವತ್ತು ಕೋಡ್ ಬಗ್ಗೆ ಮಾತಾಡಲ್ಲ. ನಾನೇ ಹೇಳಿದ್ದ ಒಂದು ಸುಳ್ಳಿನಿಂದ ಶುರುಮಾಡ್ತೀನಿ.

ಆರನೇ ಕ್ಲಾಸಿನಲ್ಲಿದ್ದಾಗ ಗಣರಾಜ್ಯೋತ್ಸವದ ದಿನ ಸ್ಕೂಲಲ್ಲಿ ಭಾಷಣ ಮಾಡಿದೆ. "ನಮ್ಮಪ್ಪ 1971ರ ಯುದ್ಧದಲ್ಲಿ ಹೋರಾಡಿದ ಯೋಧ" ಅಂದೆ. ಜೋರು ಚಪ್ಪಾಳೆ. ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಿಲಿಟರಿಯಿಂದ ರಿಟೈರ್ ಆಗಿ ಆಗ ಬ್ಯಾಂಕೊಂದರಲ್ಲಿ ಸೆಕ್ಯೂರಿಟಿ ಗಾರ್ಡ್ ಆಗಿದ್ದರು. ಮನೆಗೆ ಬರುವಾಗ, "ಚೆನ್ನಾಗಿತ್ತು ಕಣೋ, ಇನ್ನೂ ಸ್ವಲ್ಪ ನಿಧಾನಕ್ಕೆ ಹೇಳಬೇಕಿತ್ತು" ಅಂದರು. ಅಷ್ಟೇ.

ಅಪ್ಪ 2019ರಲ್ಲಿ ತೀರಿಕೊಂಡರು. ತಿಥಿ ಎಲ್ಲಾ ಮುಗಿದ ಮೇಲೆ ಅಮ್ಮ ಅವರ ಕಪ್ಪು ಟ್ರಂಕ್ ತೆಗೆದಳು. ಒಳಗೆ ಡಿಸ್ಚಾರ್ಜ್ ಬುಕ್, ಪಿಂಚಣಿ ಕಾಗದ, ಒಂದು ಕರ್ಚೀಫಿನಲ್ಲಿ ಸುತ್ತಿಟ್ಟ ಮೂರು ಮೆಡಲ್. ನಿಮ್ಮ ಮನೆಯಲ್ಲೂ ಮೆಡಲ್ ಇದ್ದರೆ ಅದರ ಅಂಚನ್ನು ನೋಡಿ. ನಂಬರು, ರ್‍ಯಾಂಕು, ಹೆಸರು ಸಣ್ಣಕ್ಷರದಲ್ಲಿ ಕೊರೆದಿರುತ್ತಾರೆ. ಅಪ್ಪನ ನಂಬರನ್ನ ನಾನು ಮೊದಲ ಸಲ ಓದಿದ್ದು ಅಲ್ಲೇ.

ಮೂರರಲ್ಲಿ ಒಂದು ಸೈನ್ಯ ಸೇವಾ ಮೆಡಲ್, ಇನ್ನೊಂದು ಒಂಬತ್ತು ವರ್ಷ ಸೇವೆ ಮಾಡಿದ್ದಕ್ಕೆ ಕೊಡೋದು. ಇವೆರಡೂ ತುಂಬಾ ಜನ ಸೈನಿಕರ ಹತ್ತಿರ ಇರುತ್ತವೆ. ಮೂರನೆಯದು ಸ್ಪೆಷಲ್ ಸರ್ವಿಸ್ ಮೆಡಲ್. ಅದರ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ತುಂಡು, ಅದರಲ್ಲಿ "ಶ್ರೀಲಂಕಾ" ಅಂತಿತ್ತು.

1971ರ ಯುದ್ಧದ ಸಮಯದಲ್ಲಿ ಸೇವೆಯಲ್ಲಿದ್ದವರಿಗೆ ಸಂಗ್ರಾಮ್ ಮೆಡಲ್ ಕೊಟ್ಟಿದ್ದಾರೆ. ಅದು ಟ್ರಂಕಿನಲ್ಲಿ ಇರಲಿಲ್ಲ. ಡಿಸ್ಚಾರ್ಜ್ ಬುಕ್ ತೆಗೆದು ನೋಡಿದರೆ ಅಪ್ಪ ಸೈನ್ಯ ಸೇರಿದ್ದೇ 1975ರಲ್ಲಿ. ಹುಟ್ಟಿದ್ದು 1955. ಯುದ್ಧ ಆದಾಗ ಅವರಿಗೆ 16 ವರ್ಷ. ಎಂಟೆಕ್ ಮುಗಿಸಿದ ನಾನು ಅಷ್ಟು ವರ್ಷದಲ್ಲಿ ಈ ಒಂದು ಕಳೆಯುವ ಲೆಕ್ಕ ಮಾಡಿರಲಿಲ್ಲ.

ಹಾಗಾದರೆ ಶ್ರೀಲಂಕಾ ಏನು? ಅಮ್ಮನ್ನ ಕೇಳಿದೆ. "ಹೌದು, ನೀನು ಹುಟ್ಟಿದಾಗ ಅಲ್ಲಿದ್ರು. ನಿನಗೆ ಎಂಟು ತಿಂಗಳಾದಾಗ ಬಂದು ನೋಡಿದ್ದು" ಅಂದಳು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದೆ. "ನೀವು ಯಾರು ಕೇಳಿದ್ರಿ?"

ಅವತ್ತು ಹುಡುಕೋದಕ್ಕೆ ಶುರುಮಾಡಿದೆ. ನಿಮ್ಮಲ್ಲಿ ಕೆಲವರಿಗೆ ಇದು ಬೇಕಾಗಬಹುದು ಅಂತ ಸ್ವಲ್ಪ ವಿವರ ಹೇಳ್ತೀನಿ. ಸೈನಿಕರ ದಾಖಲೆ ಎಲ್ಲಾ ಡೆಲ್ಲಿಯಲ್ಲಿ ಇರುತ್ತೆ ಅಂದುಕೊಂಡಿದ್ದೆ. ಹಾಗಲ್ಲ. ಒಂದೊಂದು ರೆಜಿಮೆಂಟಿಗೆ, ಕೋರ್‌ಗೆ ತನ್ನದೇ ರೆಕಾರ್ಡ್ ಆಫೀಸ್. ಅಪ್ಪ ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಎಂಇಜಿ. 1780ರಿಂದ ಇರೋ ಪಡೆ, ಅದರ ಕೇಂದ್ರ ಬೆಂಗಳೂರಿನ ಹಲಸೂರು ಕೆರೆ ಪಕ್ಕ. ಮರಾಠಾ ಲೈಟ್ ಇನ್‌ಫೆಂಟ್ರಿ ಆದರೆ ಬೆಳಗಾವಿ. ಇಎಂಇ ಆದರೆ ಸಿಕಂದರಾಬಾದ್. ಬಾಂಬೆ ಎಂಜಿನಿಯರ್ಸ್ ಇಲ್ಲೇ ನಮ್ಮ ಪುಣೆಯ ಖಡ್ಕಿ. ನೇವಿ ಸೈಲರ್‌ಗಳದ್ದು ಮುಂಬೈ, ಏರ್‌ಫೋರ್ಸ್‌ನವರದ್ದು ಡೆಲ್ಲಿ. ಅಂದರೆ ನಿಮ್ಮಪ್ಪನ ಇಡೀ ಸರ್ವಿಸು ನೀವು ದಿನಾ ಆಫೀಸಿಗೆ ಹೋಗೋ ದಾರಿಯಲ್ಲಿರೋ ಯಾವುದೋ ಕಾಂಪೌಂಡಿನೊಳಗೆ ಇರಬಹುದು.

ಅರ್ಜಿಗೆ ಆರ್ಮಿ ನಂಬರು, ರ್‍ಯಾಂಕು, ಹೆಸರು, ಡೆತ್ ಸರ್ಟಿಫಿಕೇಟ್, ನಿಮ್ಮ ಸಂಬಂಧದ ದಾಖಲೆ ಬೇಕು. ಫ್ಯಾಮಿಲಿ ಪಿಂಚಣಿ ತಗೊಳ್ಳೋ ತಾಯಿ ಇದ್ದರೆ ಅವರ ಸಹಿಯಿಂದಲೇ ಕಳಿಸೋದು ಒಳ್ಳೆಯದು. ನನ್ನ ಮೊದಲ ಅರ್ಜಿ ವಾಪಸ್ ಬಂತು. ತಪ್ಪು ನನ್ನದೇ. ಸವೆದ ಮೆಡಲಿನ ಮೇಲಿದ್ದ 1ನ್ನ 7 ಅಂತ ಓದಿದ್ದೆ. ಆರ್ಮಿ ನಂಬರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ, ಇಂಥ ತಪ್ಪು ಹಿಡಿಯೋದಕ್ಕೇ ಅದು ಇರೋದು. ನಮ್ಮ ಚೆಕ್‌ಸಮ್ ಥರ. ಇನ್ನೊಂದು ವಿಷಯ: ಪಿಂಚಣಿ ಇಲ್ಲದೆ ಬಿಟ್ಟು ಬಂದವರ ಕಾಗದಗಳನ್ನ 25 ವರ್ಷದ ಮೇಲೆ ನಾಶಮಾಡ್ತಾರೆ, ಲಾಂಗ್ ರೋಲ್ ಅನ್ನೋ ರಿಜಿಸ್ಟರಿನಲ್ಲಿ ಒಂದು ಸಾಲು ಮಾತ್ರ ಉಳಿಯುತ್ತೆ. ಅದಕ್ಕೇ ತಡ ಮಾಡಬೇಡಿ.

ಎರಡನೇ ಅರ್ಜಿಗೆ ಉತ್ತರ ಬಂತು. ಎರಡು ಪುಟ. ಸೇರಿದ್ದು, ಟ್ರೇನಿಂಗು, ಯಾವ ವರ್ಷ ಎಲ್ಲಿ. 1987ರ ನವೆಂಬರ್‌ನಿಂದ 1989ರ ಸೆಪ್ಟೆಂಬರ್‌ವರೆಗೆ ಒಂದೇ ಸಾಲು: ಆಪರೇಷನ್ ಪವನ್, ಶ್ರೀಲಂಕಾ. ಅದರ ಕೆಳಗೆ 1988ರಲ್ಲಿ ಮಗ ಹುಟ್ಟಿದ ದಾಖಲೆ. ಸೈನ್ಯದಲ್ಲಿ ಮದುವೆ, ಮಗು, ರಜೆ ಎಲ್ಲಕ್ಕೂ ಪಾರ್ಟ್ ಟೂ ಆರ್ಡರ್ ಅಂತ ಆಗುತ್ತೆ. ಆ ಫೈಲಿನಲ್ಲಿ ನಾನೂ ಒಂದು ಎಂಟ್ರಿ.

ನಿಮಗೆ ನೆನಪಿರಬಹುದು, 1987ರ ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ ಆಯ್ತು. ಶಾಂತಿ ಕಾಯೋದಕ್ಕೆ ಅಂತ ಹೋದ ನಮ್ಮ ಪಡೆ ಅಕ್ಟೋಬರ್ ಹೊತ್ತಿಗೆ ಎಲ್‌ಟಿಟಿಇ ಜೊತೆ ಯುದ್ಧದಲ್ಲಿತ್ತು. ಸುಮಾರು 1,200 ಜನ ಸತ್ತರು. 1990ರ ಮಾರ್ಚ್‌ನಲ್ಲಿ ಕೊನೆಯ ತಂಡ ಮದ್ರಾಸಿಗೆ ಬಂದಿಳಿದಾಗ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಸ್ವಾಗತಕ್ಕೆ ಹೋಗಲಿಲ್ಲ. ಊರಲ್ಲಿ ಯಾರೂ ಹೆಮ್ಮೆಯಿಂದ ಕೇಳದ ಯುದ್ಧ ಅದು. 1971 ಅಂದರೆ ಚಪ್ಪಾಳೆ ಬೀಳುತ್ತೆ. ಇದಕ್ಕೆ ಬೀಳಲ್ಲ. ಅಪ್ಪ ನನ್ನ ಭಾಷಣವನ್ನ ಯಾಕೆ ತಿದ್ದಲಿಲ್ಲ ಅಂತ ಆಗ ಸ್ವಲ್ಪ ಅರ್ಥ ಆಯ್ತು.

ಆದರೆ ಎರಡು ಪುಟದಲ್ಲಿ ತಾರೀಖು ಸಿಗುತ್ತೆ, ಅಪ್ಪ ಸಿಗಲ್ಲ. ಅಪ್ಪನಿಗೆ ತಮಿಳು ಚೆನ್ನಾಗಿ ಬರ್ತಿತ್ತು. ಪ್ರತಿ ವರ್ಷ ಪೊಂಗಲ್ ದಿನ ಯಾರ ಜೊತೆಗೋ ಅರ್ಧ ಗಂಟೆ ಫೋನಿನಲ್ಲಿ ತಮಿಳು ಮಾತಾಡೋರು. ಅವರ ಹಳೇ ನೋಕಿಯಾ ಚಾರ್ಜ್ ಮಾಡಿ ನಂಬರು ಹುಡುಕಿದೆ. ವೇಲೂರಿನ ಕಡೆಯ ರಿಟೈರ್ಡ್ ಹವಾಲ್ದಾರ್. ಹೆಸರು ಹೇಳಿದ ತಕ್ಷಣ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಮುಂದಿನ ಶನಿವಾರವೇ ಹೋದೆ.

ಅವರು ಹಿಂದಿ, ತಮಿಳು, ಮುರುಕಲು ಕನ್ನಡ ಸೇರಿಸಿ ಮಾತಾಡಿದರು. ಸ್ಯಾಪರ್‌ಗಳ ಕೆಲಸ ರಸ್ತೆ ತೆರೆಯೋದು. ಬೆಳಿಗ್ಗೆ ಗಾಡಿಗಳು ಹೊರಡೋದಕ್ಕೆ ಮುಂಚೆ ಇವರು ಮುಂದೆ ನಡೆದುಕೊಂಡು ಹೋಗಿ ಮೈನ್ ಇದೆಯಾ ಅಂತ ನೋಡಬೇಕು. "ನಿಮ್ಮಪ್ಪ ಮುಂದೆ, ನಾನು ಹಿಂದೆ. ದಿನಾ." ಒಂದು ದಿನ ಅವರ ಜೊತೆಯ ಒಬ್ಬ ಹುಡುಗ, 20 ವರ್ಷ ಇರಬಹುದು, ರಸ್ತೆ ಅಂಚಿನಲ್ಲಿ ಬಿದ್ದಿದ್ದ ಹಾಲಿನ ಪುಡಿ ಡಬ್ಬವನ್ನ ಸುಮ್ಮನೆ ಒದ್ದ. ಅಪ್ಪ ಅವನನ್ನ ಹೊತ್ತುಕೊಂಡು ಬಂದರು. ಕ್ಯಾಂಪ್ ಮುಟ್ಟೋವಷ್ಟರಲ್ಲಿ ಅವನು ಇರಲಿಲ್ಲ.

ನನಗೆ ಕೂತಲ್ಲೇ ಕೈ ನಡುಗಿತು. ಯಾಕಂದ್ರೆ ಅಪ್ಪ ಜೀವನದಲ್ಲಿ ನನಗೆ ಹೊಡೆದದ್ದು ಒಂದೇ ಸಲ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿಂದ ಬರ್ತಾ ಖಾಲಿ ಪೇಂಟ್ ಡಬ್ಬ ಒದ್ದುಕೊಂಡು ಬರ್ತಿದ್ದೆ. ಎದುರಿಗೆ ಬಂದವರು ಕೆನ್ನೆಗೆ ಬಾರಿಸಿದರು. ಕಾರಣ ಹೇಳಲಿಲ್ಲ. ಆ ರಾತ್ರಿ ಊಟಾನೂ ಮಾಡಲಿಲ್ಲ. ನಾನು 20 ವರ್ಷ ಆ ಏಟಿನ ಸಿಟ್ಟು ಇಟ್ಟುಕೊಂಡಿದ್ದೆ. ಅಮೆರಿಕದ ಪ್ರಾಜೆಕ್ಟಿಗೆ ಹೋಗುವಾಗ ಜಗಳದಲ್ಲಿ ಅದನ್ನ ಎತ್ತಿ ಆಡಿದ್ದೂ ಇದೆ. ಆಗಲೂ ಅಪ್ಪ ಏನೂ ಹೇಳಲಿಲ್ಲ.

ಹೊರಡುವಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದರು. ನಾನು ಹುಟ್ಟಿದ ಕಾಗದ ಕ್ಯಾಂಪಿಗೆ ಮೂರು ವಾರ ತಡವಾಗಿ ಬಂತಂತೆ. ಅಪ್ಪ ಅದನ್ನ ಕನ್ನಡ ಬರದವರಿಗೂ ಓದಿ ಹೇಳಿ, ತಮ್ಮ ಪಾಲಿನ ರಮ್ ಎಲ್ಲಾ ಹಂಚಿಬಿಟ್ಟರಂತೆ.

ಹೋದ ವರ್ಷ ಡೆಲ್ಲಿಗೆ ಹೋದಾಗ ಇಂಡಿಯಾ ಗೇಟ್ ಹತ್ತಿರದ ರಾಷ್ಟ್ರೀಯ ಯುದ್ಧ ಸ್ಮಾರಕ ನೋಡಿದೆ. ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರು. ಆ ಹುಡುಗನ ಹೆಸರು ಹುಡುಕಿದೆ, ಸಿಕ್ಕಿತು. ಅಪ್ಪನ ಹೆಸರು ಅಲ್ಲಿಲ್ಲ, ಇರೋದೂ ಇಲ್ಲ. ಬದುಕಿ ಮನೆಗೆ ಬಂದವರಿಗೆ ಗೋಡೆ ಇಲ್ಲ. ಅವರನ್ನ ನೆನಪಿಟ್ಟುಕೊಳ್ಳೋ ಕೆಲಸ ಮನೆಯವರದ್ದು. ನಾನು ಅದನ್ನ ಮಾಡಿದ್ದು ಅವರು ಹೋದಮೇಲೆ.

ನಿಮ್ಮಪ್ಪ ಸೈನ್ಯದಲ್ಲೇ ಇರಬೇಕಿಲ್ಲ. ಕೆಇಬಿ ಲೈನ್‌ಮನ್ ಆಗಿರಬಹುದು, ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿರಬಹುದು. ಭಾನುವಾರ ಊರಿಗೆ ಫೋನ್ ಮಾಡ್ತೀರಲ್ಲ, "ಊಟ ಆಯ್ತಾ, ಮಳೆ ಬಂತಾ" ಆದಮೇಲೆ ಇನ್ನೊಂದು ಪ್ರಶ್ನೆ ಕೇಳಿ. "ನಾನು ಹುಟ್ಟಿದ ದಿನ ನೀವು ಎಲ್ಲಿದ್ರಿ?" ಅಂತ. ಅವರು ಹೇಳೋದನ್ನ ಬರೆದಿಟ್ಟುಕೊಳ್ಳಿ.