ಕೆರೆಯ ಜೀವಿಗಳಲ್ಲಿ ರಕ್ತಸಂಚಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಮಳೆಯನ್ನೇ ನೆಚ್ಚಿದ ಸೀಮೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯಾಗಲಿ, ನಾಗಲಮಡಿಕೆಯ ಬಳಿಯ ಉತ್ತರ ಪಿನಾಕಿನಿಯಾಗಲಿ ವರ್ಷವೆಲ್ಲ ಹರಿಯುವ ನದಿಗಳಲ್ಲ. ಬೇಸಗೆಯಲ್ಲಿ ಇಲ್ಲಿಯ ಕೆರೆಗಳು ಬತ್ತುತ್ತ ಬಂದಾಗ ಕಟ್ಲಾ, ರೋಹು ಮುಂತಾದ ಮೀನುಗಳಿಗೆ ಮೊದಲು ಅಪಾಯ ಒದಗುವುದು. ಏಡಿ, ಕಪ್ಪೆಚಿಪ್ಪುಗಳು ಇನ್ನೂ ಕೆಲವು ಕಾಲ ಜೀವ ಹಿಡಿದಿರುವುವು. ಈ ವ್ಯತ್ಯಾಸಕ್ಕೆ ಕಾರಣವೇನೆಂಬುದನ್ನು ತಿಳಿಯಲು ಅವುಗಳ ಉಸಿರಾಟವನ್ನೂ ರಕ್ತಸಂಚಾರವನ್ನೂ ನಾವು ಪರಿಶೀಲಿಸೋಣ.

ನಮ್ಮ ಹೃದಯಕ್ಕೆ ನಾಲ್ಕು ಕೋಣೆಗಳುಂಟು. ಮೀನಿನ ಹೃದಯದಲ್ಲಿ ಮುಖ್ಯವಾದುವು ಎರಡೇ: ಒಂದು ಹೃತ್ಕರ್ಣ, ಒಂದು ಹೃತ್ಕುಕ್ಷಿ. ದೇಹವನ್ನು ಸುತ್ತಿ ಪ್ರಾಣವಾಯುವನ್ನು ಕಳೆದುಕೊಂಡ ರಕ್ತವು ಹೃದಯಕ್ಕೆ ಬಂದು, ಅಲ್ಲಿಂದ ಕಿವಿರುಗಳಿಗೆ ತಳ್ಳಲ್ಪಡುವುದು. ಕಿವಿರಿನಲ್ಲಿ ಶುದ್ಧವಾದ ಮೇಲೆ ಅದು ಹೃದಯಕ್ಕೆ ಮರಳದೆ ನೇರವಾಗಿ ಅಂಗಾಂಗಗಳಿಗೆ ಹೋಗುವುದು. ಕಿವಿರಿನಲ್ಲಿ ನೀರು ಒಂದು ದಿಕ್ಕಿಗೂ ರಕ್ತವು ಅದಕ್ಕೆ ಎದುರಾಗಿಯೂ ಹರಿಯುವುದರಿಂದ, ನೀರಿನಲ್ಲಿರುವ ಪ್ರಾಣವಾಯುವಿನ ಬಹುಭಾಗ ರಕ್ತಕ್ಕೆ ದಕ್ಕುವುದು. ಆದರೆ ನೀರಿನಲ್ಲಿಯೇ ಅದು ಇಲ್ಲದಿದ್ದರೆ ಗತಿಯೇನು?

ಏಡಿಯ ಹೃದಯ ಬೆನ್ನಿನ ಚಿಪ್ಪಿನ ಕೆಳಗಿದೆ. ಅದರಿಂದ ಹೊರಟ ನಾಳಗಳು ಅಂಗಗಳ ನಡುವಣ ಪೊಳ್ಳುಗಳಲ್ಲಿ ತೆರೆದುಕೊಳ್ಳುವುವು. ಅಲ್ಲಿ ತುಂಬಿದ ರಕ್ತವು ಕಿವಿರುಗಳನ್ನು ಹಾದು, ಹೃದಯದ ಗೋಡೆಯ ಕಂಡಿಗಳ ಮೂಲಕ ಮತ್ತೆ ಒಳಸೇರುವುದು. ನಮ್ಮ ರಕ್ತದಲ್ಲಿ ಕಬ್ಬಿಣವು ಮಾಡುವ ಕೆಲಸವನ್ನು ಏಡಿಯಲ್ಲಿ ತಾಮ್ರವು ಮಾಡುವುದು. ಆದಕಾರಣ ಪ್ರಾಣವಾಯು ಸೇರಿದಾಗ ಅದರ ರಕ್ತ ನಸುನೀಲಿ. ಕಿವಿರಿನ ತೇವ ಆರದಿರುವವರೆಗೆ ಏಡಿಯು ಬಿಲದಲ್ಲಿಯೂ ಬಾಳಬಲ್ಲದು. ಕಪ್ಪೆಚಿಪ್ಪಿನಲ್ಲಿಯೂ ರಕ್ತಸಂಚಾರ ಹೀಗೆ ತೆರೆದುದೇ. ಅದು ಕೆಸರಿನಲ್ಲಿ ಚಾಚುವ ಕಾಲು ಉಬ್ಬುವುದು ರಕ್ತ ತುಂಬುವುದರಿಂದ. ನೀರಿಳಿದಾಗ ಅದು ಚಿಪ್ಪು ಮುಚ್ಚಿ, ಹೃದಯದ ಬಡಿತವನ್ನು ತಗ್ಗಿಸಿ ಕಾದಿರುವುದು. ಮನುಷ್ಯನ ರಕ್ತಸಂಚಾರವನ್ನು 1628ರಲ್ಲಿ ವಿವರಿಸಿದ ವಿಲಿಯಂ ಹಾರ್ವೆಯು ಪಾರದರ್ಶಕವಾದ ಸಣ್ಣ ಸೀಗಡಿಯಲ್ಲಿ ಹೃದಯದ ಬಡಿತವನ್ನು ಕಂಡಿದ್ದನೆಂಬುದು ಸ್ಮರಣೀಯ.

20 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಸುಮಾರು ಏಳೂವರೆ ಮಾತ್ರ. ರಾತ್ರಿಯೆಲ್ಲ ಜಲಸಸ್ಯಗಳೂ ಉಸಿರಾಡುವುದರಿಂದ ಬೆಳಗಿನ ಜಾವಕ್ಕೆ ಅದು ಇನ್ನಷ್ಟು ಕುಗ್ಗುವುದು. ಆಗ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುವುವು. ಕೊರವ ಮೀನಿಗೆ ಮಾತ್ರ ತಲೆಯೊಳಗೆ ಗಾಳಿಯನ್ನು ಹೀರುವ ಅಂಗವುಂಟಾದುದರಿಂದ ಅದು ತಾಳಿಕೊಳ್ಳುವುದು.

ಆದುದರಿಂದ ಬೆಳಗಿನಲ್ಲಿ ಮೀನು ಬಾಯಿ ತೆರೆಯುವುದನ್ನು ಕಂಡವರು ಅದನ್ನು ಆಟವೆಂದು ತಿಳಿಯಬಾರದು. ಅದು ಉಸಿರುಕಟ್ಟಿದ ರಕ್ತದ ಮೊರೆ. ಕೆರೆಯಲ್ಲಿ ಮೀನು ಸಾಕುವವರು ಆ ಸೂಚನೆಯನ್ನರಿತು ಸಕಾಲದಲ್ಲಿ ಬಲೆಯನ್ನು ಬೀಸಿದರೆ, ವರ್ಷದ ದುಡಿಮೆಯು ಒಂದೇ ರಾತ್ರಿಯಲ್ಲಿ ದಡಕ್ಕೆ ತೇಲಿ ಬಂದು ಕೊಳೆಯುವುದು ತಪ್ಪುವುದು.