ಕಡಲಕಳೆ: ಯಾವುದು ಹಸಿ, ಎಷ್ಟು ಹಿತ

ಸುಶಿ ಸುತ್ತಲು ಬಳಸುವ ನೋರಿ ಹಾಳೆಯನ್ನು ಬೆಳಕಿಗೆ ಹಿಡಿದರೆ ಅದು ಹಸಿಯೋ ಬಿಸಿ ಕಂಡದ್ದೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬರೀ ಒಣಗಿಸಿದ ನೋರಿ ಕಪ್ಪಾಗಿರುತ್ತದೆ, ಬೆಳಕು ಹಾಯ್ದಾಗ ನೇರಳೆ ಛಾಯೆ ತೋರುತ್ತದೆ. ಕಾವಿನ ಮೇಲೆ ಹಿಡಿದು ತೆಗೆದ ನೋರಿ ಹಸಿರು. ಕಳೆಯಲ್ಲಿರುವ ಕೆಂಪು ಬಣ್ಣದ ಅಂಶ ಬಿಸಿಗೆ ಕೆಟ್ಟುಹೋಗಿ, ಅದರಡಿ ಮರೆಯಾಗಿದ್ದ ಪತ್ರಹರಿತ್ತು ಮೇಲೆದ್ದು ಕಾಣುವುದೇ ಇದಕ್ಕೆ ಕಾರಣ. ಸುಶಿಗೆಂದು ಮಾರುವ ಹಾಳೆಗಳಲ್ಲಿ ಹೆಚ್ಚಿನವು ಹೀಗೆ ಕಾವು ಕಂಡವೇ. ಗರಿಗರಿಯಾಗಿ ಮುರಿಯುವುದೂ ಅದರಿಂದಲೇ. ಹಸಿ ನೋರಿ ಹಾಗೆ ಮುರಿಯುವುದಿಲ್ಲ. ಜಗಿಯಬೇಕಾಗುತ್ತದೆ, ಜಗಿದಷ್ಟೂ ಕಡಲ ವಾಸನೆ ಬಿಡುತ್ತದೆ.

ಒಲೆ ಮುಟ್ಟಿಸದ ಆಹಾರವನ್ನೇ ನೆಚ್ಚಿಕೊಂಡವರಿಗೆ ಈ ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ಪ್ರಕೃತಿ ಚಿಕಿತ್ಸೆಯವರು ಅಪಕ್ವ ಆಹಾರ ಎನ್ನುವ ಈ ಪದ್ಧತಿಯಲ್ಲಿ ಸಾಮಾನ್ಯವಾಗಿ ಸುಮಾರು 45 ಡಿಗ್ರಿ ಸೆಲ್ಸಿಯಸ್ ದಾಟಿ ಬಿಸಿಯಾದ ಯಾವುದನ್ನೂ ಹಸಿ ಎಂದು ಎಣಿಸುವುದಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ನೆಲೆಸಿ ಇದಕ್ಕೆ ಹೆಸರು ತಂದ ಆ್ಯನ್ ವಿಗ್ಮೋರ್ ಮೊಳಕೆ ಕಾಳು, ಗೋಧಿಹುಲ್ಲಿನ ರಸಗಳ ಜೊತೆಗೆ ಡಲ್ಸ್ ಎಂಬ ಕೆಂಪು ಕಡಲಕಳೆಯನ್ನೂ ಬಳಕೆಗೆ ತಂದರು. ಉಪ್ಪು ಬಿಟ್ಟವರಿಗೆ ಉಪ್ಪಿನ ರುಚಿ, ಮೀನು ಬಿಟ್ಟವರಿಗೆ ಅಯೋಡಿನ್, ಹಾಲು ಮೊಟ್ಟೆ ಬಿಟ್ಟವರಿಗೆ ಬಿ-12 ವಿಟಮಿನ್ ಎಂಬ ಮೂರು ಭರವಸೆಗಳು ಕಡಲಕಳೆಗೆ ಅಂಟಿಕೊಂಡಿವೆ. ಮೊದಲನೆಯದು ನಿಜ. ಎರಡನೆಯದು ಅತಿಯಾಗಿ ನಿಜ. ಮೂರನೆಯದನ್ನು ನಂಬಿ ಕೂರುವುದು ಅಪಾಯ.

ಮೊದಲು ಆಯ್ಕೆಯ ಮಾತು. ಹಸಿ ಎಂದು ಕೊಂಡುತಂದ ಕಡಲಕಳೆ ಎಷ್ಟೋ ಸಲ ಆಗಲೇ ಬೆಂದಿರುತ್ತದೆ. ವಾಕಾಮೆ ಎಂಬ ಕಳೆ ಸಮುದ್ರದಲ್ಲಿರುವಾಗ ಕಂದು ಬಣ್ಣದ್ದು. ಕುದಿನೀರಿನಲ್ಲಿ ಅದ್ದಿದ ಕ್ಷಣದಲ್ಲೇ ಅದು ಎಳೆ ಬಾಳೆಲೆಯಂತೆ ಹಸಿರಾಗುತ್ತದೆ. ಅಂಗಡಿಯ ಪೊಟ್ಟಣದಲ್ಲಿ ಕಾಣುವ ಹಚ್ಚಹಸಿರು ವಾಕಾಮೆ ಹೆಚ್ಚಾಗಿ ಹೀಗೆ ಬಿಸಿನೀರಿನಲ್ಲಿ ಮುಳುಗಿ, ಉಪ್ಪು ಹಚ್ಚಿಸಿಕೊಂಡು ಅಥವಾ ಒಣಗಿ ಬಂದದ್ದು. ಹಿಜಿಕಿ ಎಂಬ ಕಪ್ಪು ಕಡ್ಡಿಗಳಂಥ ಕಳೆಯನ್ನಂತೂ ಬೇಯಿಸಿಯೇ ಒಣಗಿಸುತ್ತಾರೆ. ಹೋಟೆಲುಗಳಲ್ಲಿ ಬಟ್ಟಲಲ್ಲಿ ಕೊಡುವ, ಎಳ್ಳು ಉದುರಿಸಿದ ಹಸಿರು ಸಲಾಡ್‌ನಲ್ಲಿ ಸಕ್ಕರೆಯೂ ಎಷ್ಟೋ ಕಡೆ ಕೃತಕ ಬಣ್ಣವೂ ಇರುತ್ತವೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಬಿಳಿ ಎಳೆಗಳೂ ಕೆಂಪು ಕಡಲಕಳೆಯಿಂದ ತೆಗೆದ ಅಗರ್. ಕಳೆಯನ್ನು ಬೇಯಿಸದೆ ಅದನ್ನು ತೆಗೆಯಲಾಗದು, ಕುದಿಸದೆ ಅದು ಕರಗದು.

ಹಾಗಾದರೆ ನಿಜಕ್ಕೂ ಹಸಿಯಾಗಿ ಸಿಗುವುದು ಯಾವುದು? ಡಲ್ಸ್ ಆ ಸಾಲಿನಲ್ಲಿ ಮೊದಲು. ಅಟ್ಲಾಂಟಿಕ್ ಸಾಗರದ ಉತ್ತರ ದಡಗಳಲ್ಲಿ, ಐರ್ಲೆಂಡಿನಿಂದ ಕೆನಡಾದ ಗ್ರ್ಯಾಂಡ್ ಮನಾನ್ ದ್ವೀಪದವರೆಗೆ, ಸಮುದ್ರ ಇಳಿದಾಗ ಬಂಡೆಗಳಿಂದ ಕೈಯಲ್ಲೇ ಕಿತ್ತು ಬಿಸಿಲಿಗೆ ಹರಡುತ್ತಾರೆ. ಉತ್ತರ ಐರ್ಲೆಂಡಿನ ಬ್ಯಾಲಿಕ್ಯಾಸಲ್ ಊರಿನಲ್ಲಿ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಲ್ಯಾಮಸ್ ಜಾತ್ರೆಯಲ್ಲಿ ಒಣ ಡಲ್ಸನ್ನು ಪೊಟ್ಟಣ ಕಟ್ಟಿ ಮಾರುತ್ತಾರೆ. ಜನ ಅದನ್ನು ಕಡಲೆಕಾಯಿಯಂತೆ ಬಾಯಿಗೆ ಹಾಕಿಕೊಂಡು ತಿರುಗುತ್ತಾರೆ. ನೆನೆಸುವ ಕೆಲಸವೂ ಇಲ್ಲ.

ಜಪಾನಿನ ಓಕಿನಾವಾದ ಸಮುದ್ರದ್ರಾಕ್ಷಿಯ ಸೊಗಸೇ ಬೇರೆ. ಅಲ್ಲಿಯವರು ಉಮಿಬುದೋ ಎನ್ನುವ, ಫಿಲಿಪ್ಪೀನ್ಸ್‌ನವರು ಲಾತೋ ಎನ್ನುವ ಈ ಹಸಿರು ಕಳೆಯ ಎಳೆಗಳ ತುಂಬ ಸಾಸಿವೆಗಿಂತ ತುಸು ದೊಡ್ಡ ಗುಳ್ಳೆಗಳು. ಹಲ್ಲಿಗೆ ಸಿಕ್ಕಿದಾಗ ಪಟಪಟನೆ ಒಡೆದು ಉಪ್ಪುನೀರು ಚಿಮ್ಮುತ್ತದೆ. ಗೇಣುದ್ದದ ಇಡೀ ಎಳೆ ಒಂದೇ ಒಂದು ಜೀವಕೋಶ! ಒಳಗೆ ಅಡ್ಡಗೋಡೆಗಳಿಲ್ಲ. ಹಾಗಾಗಿಯೇ ಅದು ಬಲು ಸೂಕ್ಷ್ಮ. ಫ್ರಿಜ್‌ನಲ್ಲಿಟ್ಟರೆ ಬಾಡುತ್ತದೆ, ಹುಳಿಯನ್ನೋ ಸೋಯಾ ಸಾಸನ್ನೋ ಮೊದಲೇ ಸುರಿದರೆ ನೀರು ಬಿಟ್ಟು ಸೊರಗುತ್ತದೆ. ಓಕಿನಾವಾದವರು ಸಾಸನ್ನು ಪಕ್ಕದ ಬಟ್ಟಲಲ್ಲಿಟ್ಟು, ತಿನ್ನುವ ಗಳಿಗೆಯಲ್ಲಿ ಅದ್ದುತ್ತಾರೆ. ಉಪ್ಪುನೀರಿನ ಪೊಟ್ಟಣದಲ್ಲಿ ಮುದುಡಿಕೊಂಡು ಬಂದ ಉಮಿಬುದೋ ಸಿಹಿನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಮತ್ತೆ ಉಬ್ಬಿಕೊಳ್ಳುತ್ತದೆ.

ಹಸಿ ಕಡಲಕಳೆಯ ಪಾಂಡಿತ್ಯ ಹವಾಯಿ ದ್ವೀಪಗಳಲ್ಲೂ ಉಂಟು. ಅಲ್ಲಿ ಕಳೆಗೆ ಲಿಮು ಎನ್ನುತ್ತಾರೆ. 1950ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದ, ವಿಜ್ಞಾನದಲ್ಲಿ ಆ ಪದವಿ ಗಳಿಸಿದ ಮೊದಲ ಮೂಲನಿವಾಸಿ ಹವಾಯಿ ಮಹಿಳೆ ಇಸಾಬೆಲ್ಲಾ ಆ್ಯಬಟ್ ತಮ್ಮ ಬಾಳನ್ನೇ ಲಿಮುವಿನ ಅಧ್ಯಯನಕ್ಕೆ ಕೊಟ್ಟರು. ಲಿಮು ಕೋಹು ಎಂಬ ಕೆಂಪು ಕಳೆಯನ್ನು ಅಲ್ಲಿಯ ಮನೆಗಳಲ್ಲಿ ತಂದ ಕೂಡಲೇ ತಿನ್ನುವುದಿಲ್ಲ. ರಾತ್ರಿಯಿಡೀ ಸಿಹಿನೀರಿನಲ್ಲಿ ನೆನೆಹಾಕಿ, ಅಯೋಡಿನ್ನಿನ ಕಹಿ ಬಿಟ್ಟ ಮೇಲೆ ಉಪ್ಪು ಹಾಕಿ ಕುಟ್ಟಿ ಇಡುತ್ತಾರೆ. ಒಲೆ ಹಚ್ಚದೆಯೇ ಕಳೆಯ ಕಾಟ ಕಳೆಯುವ ಉಪಾಯ ಅದು.

ಆ ಕಹಿಯ ಹಿಂದಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೋಗ್ರಾಂ. ಯುರೋಪಿನ ತಜ್ಞರು 600, ಅಮೆರಿಕದವರು 1,100 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತಾರೆ. ಒಂದು ನೋರಿ ಹಾಳೆ ಸುಮಾರು ಮೂರು ಗ್ರಾಂ ತೂಗುತ್ತದೆ, ಅದರಿಂದ ಬರುವುದು ಸಾಮಾನ್ಯವಾಗಿ ಒಂದು ದಿನದ ಅಗತ್ಯದೊಳಗೇ. ಆದರೆ ಕೆಲ್ಪ್ ಎನ್ನುವ ದೊಡ್ಡ ಕಂದು ಕಳೆಗಳ, ಅಂದರೆ ಕೊಂಬು ಮತ್ತು ಅದರ ಬಳಗದ, ಒಂದೇ ಗ್ರಾಂನಲ್ಲಿ ಸಾವಿರಾರು ಮೈಕ್ರೋಗ್ರಾಂ ಇರಬಹುದು. ಉಪ್ಪಿನ ಬದಲಿಗೆಂದು ಮಾರುವ ಕೆಲ್ಪ್ ಹರಳುಗಳ ಒಂದು ಮಾದರಿಯಲ್ಲಿ ಗ್ರಾಂಗೆ 8,000 ಮೈಕ್ರೋಗ್ರಾಂ ದಾಟಿದ್ದನ್ನು ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಚಿಟಿಕೆ ಉದುರಿಸಿಕೊಂಡರೆ ವಾರಗಳ ಪಾಲು ಒಂದೇ ಊಟದಲ್ಲಿ.

ಅಯೋಡಿನ್ ಕಡಿಮೆಯಾದರೆ ಗಳಗಂಡ ಬರುತ್ತದೆ ಎಂಬುದು ನಮಗೆ ಶಾಲೆಯ ಪಾಠ. ಹೆಚ್ಚಾದರೂ ಬರುತ್ತದೆ. ಜಪಾನಿನ ಹೊಕ್ಕೈದೋ ಕರಾವಳಿಯಲ್ಲಿ ಕೊಂಬುವನ್ನು ವಿಪರೀತ ತಿನ್ನುತ್ತಿದ್ದ ಮೀನುಗಾರ ಹಳ್ಳಿಗಳಲ್ಲಿ ಥೈರಾಯ್ಡ್ ಊದಿಕೊಂಡದ್ದನ್ನು 1960ರ ದಶಕದಲ್ಲೇ ವೈದ್ಯರು ಗುರುತಿಸಿ, ಅದನ್ನು ಕರಾವಳಿಯ ಗಳಗಂಡ ಎಂದು ಕರೆದರು. ಕುದಿಸಿದಾಗ ಕೊಂಬುವಿನ ಅಯೋಡಿನ್‌ನ ಬಹುಪಾಲು ನೀರಿಗೆ ಇಳಿದುಬಿಡುತ್ತದೆ. ಹಸಿಯಾಗಿ ಜಗಿಯುವವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ಹಸಿ ಆಹಾರದವರು ಕೊಂಬುವನ್ನು ತಿನ್ನುವ ಪದಾರ್ಥವೆಂದು ಎಣಿಸದಿರುವುದೇ ಒಳ್ಳೆಯದು.

ನಮ್ಮ ಮನೆಗಳ ಅಯೋಡಿನ್ ಉಪ್ಪಿನಲ್ಲಿ, ಬಳಸುವವರ ಕೈ ಸೇರುವಾಗ, ಗ್ರಾಂಗೆ ಕನಿಷ್ಠ 15 ಮೈಕ್ರೋಗ್ರಾಂ ಅಯೋಡಿನ್ ಇರಬೇಕೆಂಬ ನಿಯಮವಿದೆ. ದಿನಕ್ಕೆ ಹತ್ತು ಗ್ರಾಂ ಉಪ್ಪು ತಿನ್ನುವವರಿಗೆ ಅದರಲ್ಲೇ ಬೇಕಾದಷ್ಟು ಸಿಗುತ್ತದೆ, ಕಡಲಕಳೆಯ ಹಂಗು ಬೇಕಿಲ್ಲ. ಹಸಿ ಆಹಾರಕ್ಕೆ ತಿರುಗಿ ಉಪ್ಪನ್ನೇ ಬಿಟ್ಟವರ, ಇಲ್ಲವೇ ಅಯೋಡಿನ್ ಸೇರಿಸದ ಸೈಂಧವ ಲವಣಕ್ಕೆ ಬದಲಾದವರ ಸ್ಥಿತಿ ಬೇರೆ. ಅವರಿಗೆ ವಾರದಲ್ಲಿ ಕೆಲವು ದಿನ ಅರ್ಧ ಹಾಳೆ ನೋರಿಯೋ ಚೂರು ಡಲ್ಸೋ ನಿಜಕ್ಕೂ ಉಪಕಾರಿ.

ಬಿ-12ರ ವಿಷಯದಲ್ಲಿ ಇಷ್ಟು ಸಮಾಧಾನದ ಮಾತು ಹೇಳುವಂತಿಲ್ಲ. ನೋರಿಯಲ್ಲಿ ಆ ವಿಟಮಿನ್ ಸ್ವಲ್ಪ ಇದೆ. ಆದರೆ ಹಲವು ಪಾಚಿಗಳಲ್ಲಿ, ಮುಖ್ಯವಾಗಿ ಸ್ಪಿರುಲಿನಾದಲ್ಲಿ, ಇರುವುದು ಅದನ್ನು ಹೋಲುವ, ದೇಹಕ್ಕೆ ಉಪಯೋಗಕ್ಕೆ ಬಾರದ ರೂಪ. ಫಿನ್ಲೆಂಡಿನಲ್ಲಿ ವರ್ಷಗಟ್ಟಲೆ ಪೂರ್ತಿ ಹಸಿ ಸಸ್ಯಾಹಾರದಲ್ಲಿದ್ದವರ ರಕ್ತವನ್ನು ಪರೀಕ್ಷಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಕಡಲಕಳೆ ತಿನ್ನುತ್ತಿದ್ದವರ ಮಟ್ಟ ತಿನ್ನದವರಿಗಿಂತ ಮೇಲಿತ್ತು, ಆದರೆ ಕಾಲ ಕಳೆದಂತೆ ಬಹುತೇಕರಲ್ಲಿ ಅದು ಇಳಿಯುತ್ತಲೇ ಇತ್ತು. ನರಗಳಿಗೆ ಬಿ-12 ಕೊರತೆ ಮಾಡುವ ಹಾನಿ ಎಷ್ಟೋ ಸಲ ಸರಿಪಡಿಸಲಾಗದ್ದು. ಹಾಲು, ಮೊಸರು, ಮೊಟ್ಟೆ ಯಾವುದನ್ನೂ ಮುಟ್ಟದವರು ಮಾತ್ರೆ ತೆಗೆದುಕೊಳ್ಳಲೇಬೇಕು. ಕಡಲಕಳೆ ಅದಕ್ಕೆ ಬದಲಿಯಲ್ಲ.

ಜೀರ್ಣಶಕ್ತಿಯ ಬಗ್ಗೆ ಬೆರಗಿನ ಸಂಗತಿಯೊಂದಿದೆ. ನೋರಿಯ ಕೋಶಗೋಡೆಯಲ್ಲಿರುವ ಪಾರ್ಫಿರಾನ್ ಎಂಬ ಶರ್ಕರವನ್ನು ಒಡೆಯುವ ಕಿಣ್ವ ಮನುಷ್ಯರಲ್ಲಿಲ್ಲ. ಫ್ರಾನ್ಸಿನ ರೊಸ್ಕಾಫ್ ಕಡಲತೀರದ ಪ್ರಯೋಗಾಲಯದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಕಾರ, ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಆ ಕಿಣ್ವದ ಜೀನ್ ಸಿಕ್ಕಿತು. ಅವರು ಹೋಲಿಸಿ ನೋಡಿದ ಉತ್ತರ ಅಮೆರಿಕದವರಲ್ಲಿ ಸಿಗಲಿಲ್ಲ. ಆ ಜೀನ್ ಬಂದದ್ದು ಕಡಲಕಳೆಯ ಮೇಲೆ ಬದುಕುವ ಸಮುದ್ರದ ಬ್ಯಾಕ್ಟೀರಿಯಾದಿಂದ. ತಲೆಮಾರುಗಳ ಕಾಲ ಬಿಸಿ ತಾಗದ ನೋರಿಯನ್ನು ತಿಂದದ್ದರಿಂದಲೇ ಅದು ಹೊಟ್ಟೆಗೆ ಇಳಿದಿರಬೇಕೆಂಬುದು ಅವರ ಊಹೆ. ಉಳಿದವರ ಹೊಟ್ಟೆಯಲ್ಲಿ ಕಡಲಕಳೆಯ ಶರ್ಕರಗಳು ಬಹುಮಟ್ಟಿಗೆ ನಾರಾಗಿಯೇ ಸಾಗಿಹೋಗುತ್ತವೆ. ಮೊದಲ ದಿನವೇ ಬಟ್ಟಲು ತುಂಬ ತಿಂದವರಿಗೆ ಹೊಟ್ಟೆಯುಬ್ಬರ ಬಂದರೆ ಆಶ್ಚರ್ಯವಿಲ್ಲ.

ಹಸಿಯಾಗಿರುವುದು ಎಂದರೆ ಸುರಕ್ಷಿತವಾಗಿರುವುದು ಎಂಬ ನಂಬಿಕೆಯನ್ನು ಮಾತ್ರ ಪೂರ್ತಿ ಬಿಡಬೇಕು. 1991ರ ಏಪ್ರಿಲ್‌ನಲ್ಲಿ ಪೆಸಿಫಿಕ್ ಸಾಗರದ ಗುವಾಮ್ ದ್ವೀಪದಲ್ಲಿ ಜನ ಎಂದಿನಂತೆ ದಡದಿಂದ ತಂದ ಗ್ರಾಸಿಲೇರಿಯಾ ಜಾತಿಯ ಕೆಂಪು ಕಳೆಯನ್ನು ತಿಂದರು. 13 ಮಂದಿ ಹಾಸಿಗೆ ಹಿಡಿದರು, ಮೂವರು ಸತ್ತರು. ಅದರಿಂದ ಬೇರ್ಪಡಿಸಿದ ವಿಷಕ್ಕೆ ಆಮೇಲೆ ಪಾಲಿಕ್ಯಾವರ್ನೊಸೈಡ್ ಎಂದು ಹೆಸರಾಯಿತು. ಜಪಾನಿನಲ್ಲೂ ಇದೇ ಬಳಗದ ಒಗೊನೊರಿಯನ್ನು ತೀರದಲ್ಲಿ ಕಿತ್ತು ಹಸಿಯಾಗಿ ತಿಂದು ಜೀವ ಕಳೆದುಕೊಂಡವರಿದ್ದಾರೆ. ಅಲ್ಲಿ ಮಾರಾಟಕ್ಕೆ ಬರುವ ಒಗೊನೊರಿಯನ್ನು ಸುಣ್ಣದ ನೀರಿನಲ್ಲಿ ಸಂಸ್ಕರಿಸಿ, ಹಸಿರಾದ ಮೇಲೆ ಕೊಡುತ್ತಾರೆ. ತಮಿಳುನಾಡಿನ ಮನ್ನಾರ್ ಕೊಲ್ಲಿಯ ದಡದ ಹಳ್ಳಿಗಳಲ್ಲಿ ಗ್ರಾಸಿಲೇರಿಯಾವನ್ನು ಕಂಜಿ ಪಾಸಿ ಎನ್ನುತ್ತಾರೆ; ಅದನ್ನು ಬೇಯಿಸಿ ಗಂಜಿ ಮಾಡುವುದು ಅಲ್ಲಿಯ ರೂಢಿ.

ಕಣ್ಣಿಗೆ ಕಾಣದ ಇನ್ನೊಂದು ಅಪಾಯ ಕೈಯಿಂದ ಬರುತ್ತದೆ. 2017ರ ಫೆಬ್ರವರಿಯಲ್ಲಿ ಟೋಕಿಯೊ ಬಳಿಯ ತಾಚಿಕಾವಾ ನಗರದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಮಾಡಿದ ಸಾವಿರಕ್ಕೂ ಹೆಚ್ಚು ಮಂದಿಗೆ ವಾಂತಿ ಭೇದಿ ಹಿಡಿಯಿತು. ಕಾರಣ, ಅನ್ನದ ಮೇಲೆ ಉದುರಿಸಿದ ನೋರಿ ಚೂರು. ತಿಂಗಳುಗಳ ಹಿಂದೆ ಅದನ್ನು ಬರಿಗೈಯಲ್ಲಿ ಕತ್ತರಿಸಿದವರಿಂದ ನೋರೋವೈರಸ್ ಅಂಟಿತ್ತು. ಒಣಗಿದ ಹಾಳೆಯ ಮೇಲೂ ಅದು ಅಷ್ಟು ದಿನ ಉಳಿದಿತ್ತು. ಒಲೆಗೆ ಹೋಗದ ಪದಾರ್ಥ ಎಲ್ಲಿ, ಯಾರ ಕೈಯಲ್ಲಿ ತಯಾರಾಯಿತು ಎಂಬುದು ಆದ್ದರಿಂದಲೇ ಮುಖ್ಯ.

ಮತ್ತೆ ಹಿಜಿಕಿ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಐದು ಬಗೆಯ ಕಡಲಕಳೆಗಳನ್ನು ಪರೀಕ್ಷಿಸಿದಾಗ ಅಪಾಯಕಾರಿಯಾದ ಅಜೈವಿಕ ಆರ್ಸೆನಿಕ್ ಸಿಕ್ಕಿದ್ದು ಹಿಜಿಕಿಯಲ್ಲಿ ಮಾತ್ರ. ತಿನ್ನಬೇಡಿ ಎಂದು ಅದು ನೇರವಾಗಿ ಹೇಳಿತು. ಇದಕ್ಕಿಂತ ಹೆಚ್ಚು ಹೇಳುವುದು ಬೇಕಿಲ್ಲ.

ನಮ್ಮ ಕರಾವಳಿಯ ಬಂಡೆಗಳ ಮೇಲೂ ಕಳೆಗಳಿವೆ. ಎಲೆಕೋಸಿನ ತೆಳು ಎಸಳಿನಂಥ ಅಲ್ವಾ ಕಾರವಾರದ ಬಂಡೆಗಳಲ್ಲೂ ಕಾಣಸಿಗುತ್ತದೆ. ಅಲ್ವಾ ತಿನ್ನಬಹುದಾದ ಕಳೆಯೇ. ಆದರೆ ಚರಂಡಿ ನೀರು ಬಂದು ಸೇರುವ ಕಡೆ ಅದು ಇನ್ನಷ್ಟು ಸೊಂಪಾಗಿ ಬೆಳೆಯುತ್ತದೆ, ನೀರಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳುತ್ತದೆ. ಬಂದರು, ಅಳಿವೆ, ಊರಿನ ಚರಂಡಿ ಬಾಯಿಗಳ ಹತ್ತಿರ ಬೆಳೆದದ್ದನ್ನು ಮುಟ್ಟಬಾರದು. ಅಲೆ ತಂದು ಮರಳಿಗೆ ಎಸೆದದ್ದು ಸಾಯುತ್ತಿರುವ ಕಳೆ, ಅದೂ ಬೇಡ. ಜಾತಿ ಗುರುತಿಸಬಲ್ಲವರು ಜೊತೆಗಿಲ್ಲದೆ ದಡದಿಂದ ಕಿತ್ತು ಹಸಿಯಾಗಿ ತಿನ್ನುವ ಸಾಹಸ ಯಾರಿಗೂ ಬೇಡ.

ಮನೆಗೆ ತಂದದ್ದನ್ನು ತಿನ್ನುವುದು ಸುಲಭ. ಒಣ ವಾಕಾಮೆ ತಣ್ಣೀರಿನಲ್ಲಿ ಹತ್ತೇ ನಿಮಿಷಕ್ಕೆ ಹತ್ತರಷ್ಟು ಹಿಗ್ಗುತ್ತದೆ, ಇಬ್ಬರಿಗೆ ಒಂದು ಚಮಚ ಸಾಕು. ನೆನೆಸಿದ ನೀರನ್ನು ಚೆಲ್ಲಬೇಕು. ಡಲ್ಸನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಸೌತೆಕಾಯಿ ಕೋಸಂಬರಿಗೆ ಬೆರೆಸಿ ನಿಂಬೆರಸ ಹಿಂಡಿದರೆ ಬೇರೆ ಉಪ್ಪು ಬೇಕಾಗುವುದಿಲ್ಲ. ಹೆಸರುಬೇಳೆಯ ತಂಪಿಗೂ ಡಲ್ಸಿನ ಉಪ್ಪಿಗೂ ಚೆನ್ನಾಗಿ ಹೊಂದುತ್ತದೆ. ಹಸಿ ನೋರಿಯಲ್ಲಿ ಮೊಳಕೆ ಕಾಳು, ತುರಿದ ಕ್ಯಾರೆಟ್ ಸುತ್ತಿ ಆಗಲೇ ತಿನ್ನಬೇಕು, ಇಟ್ಟರೆ ಹಾಳೆ ಒದ್ದೆಯಾಗಿ ಹರಿಯುತ್ತದೆ.

ಥೈರಾಯ್ಡ್ ಮಾತ್ರೆ ನುಂಗುವವರು, ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು, ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಬೇಕಾದವರು, ಗರ್ಭಿಣಿಯರು ಮತ್ತು ಎದೆಹಾಲು ಕೊಡುವ ತಾಯಂದಿರು ಕಡಲಕಳೆಯನ್ನು ಊಟಕ್ಕೆ ಸೇರಿಸುವ ಮೊದಲು ತಮ್ಮ ವೈದ್ಯರನ್ನು ಕೇಳಲಿ. ಉಳಿದವರು ಕೊಳ್ಳುವಾಗ ಪೊಟ್ಟಣವನ್ನು ತಿರುಗಿಸಿ ಕಳೆಯ ಜಾತಿ, ಬೆಳೆದ ಜಾಗ, ಅಯೋಡಿನ್ ಪ್ರಮಾಣ ಈ ಮೂರನ್ನೂ ಓದಲಿ. ಬರೀ ಕಡಲಕಳೆ ಎಂದಷ್ಟೇ ಬರೆದಿದ್ದರೆ ಆ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬರಲಿ.