ಅರಿಯರ್: ಮರುಪರೀಕ್ಷೆಯಿಂದಾಚೆ

ಪಾಸಾಗದೆ ಉಳಿದ ಪತ್ರಿಕೆಗೆ ತಮಿಳುನಾಡಿನಲ್ಲಿ ‘ಅರಿಯರ್’ ಎನ್ನುತ್ತಾರೆ, ಕರ್ನಾಟಕದಲ್ಲಿ ‘ಬ್ಯಾಕ್‌ಲಾಗ್’. ಎರಡರ ಅರ್ಥವೂ ಬಾಕಿ. ವ್ಯವಸ್ಥೆಯೂ ಅದನ್ನು ಬಾಕಿಯಂತೆಯೇ ನೋಡುತ್ತದೆ: ಶುಲ್ಕ ಕಟ್ಟು, ಮತ್ತೆ ಬರೆ, ತೀರಿಸು. ಪರೀಕ್ಷೆ ಮತ್ತೆ ಮತ್ತೆ ನಡೆಯುತ್ತದೆ. ಪಾಠ ಮಾತ್ರ ಎರಡನೇ ಸಲ ನಡೆಯುವುದಿಲ್ಲ. ಹಿಂದೆ ಬಿದ್ದ ವಿದ್ಯಾರ್ಥಿ ಹಿಂದೆಯೇ ಉಳಿಯುವುದಕ್ಕೆ ಮುಖ್ಯ ಕಾರಣ ಇದು.

ಚೆನ್ನೈನ ಶೋಳಿಂಗನಲ್ಲೂರಿನಲ್ಲಿ ಈ ಬಾಕಿಯ ಬೆಲೆ ಬರಿಗಣ್ಣಿಗೇ ಕಾಣುತ್ತದೆ. ರಾಜೀವ್ ಗಾಂಧಿ ಸಾಲೈ ಎಂಬ ಒಂದೇ ರಸ್ತೆಯಲ್ಲಿ ಕಾಲೇಜುಗಳೂ ಇವೆ, ಅವುಗಳ ವಿದ್ಯಾರ್ಥಿಗಳು ಕೆಲಸ ಬಯಸುವ ಸಾಫ್ಟ್‌ವೇರ್ ಕಂಪನಿಗಳೂ ಇವೆ. ಕ್ಯಾಂಪಸ್ ನೇಮಕಾತಿಯಲ್ಲಿ ‘ಸ್ಟ್ಯಾಂಡಿಂಗ್ ಅರಿಯರ್’, ಅಂದರೆ ಇನ್ನೂ ತೀರದ ಪತ್ರಿಕೆ, ಇರಬಾರದು ಎಂಬುದು ಸಾಮಾನ್ಯ ಷರತ್ತು. ಕೆಲವೆಡೆ ‘ಹಿಸ್ಟರಿ ಆಫ್ ಅರಿಯರ್ಸ್’ ಕೂಡ ಕೇಳುತ್ತಾರೆ. ಎಂದೋ ತೀರಿಸಿದ ಬಾಕಿಗೂ ಬಡ್ಡಿ ಹಾಕಿದಂತೆ.

ಬಾಕಿಯನ್ನು ಒಂದೇ ಏಟಿಗೆ ಮನ್ನಾ ಮಾಡುವ ಪ್ರಯತ್ನವೂ ನಡೆದಿದೆ. ಕೋವಿಡ್ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ, ಶುಲ್ಕ ಕಟ್ಟಿದವರಿಗೆ ಅರಿಯರ್ ಪರೀಕ್ಷೆ ಬೇಡ, ಅವರು ಪಾಸು ಎಂದು ತಮಿಳುನಾಡು ಸರ್ಕಾರ ಪ್ರಕಟಿಸಿತು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇ ಆಕ್ಷೇಪಿಸಿತು, ವಿಷಯ ಮದ್ರಾಸ್ ಹೈಕೋರ್ಟ್ ಮೆಟ್ಟಿಲೇರಿತು, ಪರೀಕ್ಷೆ ಇಲ್ಲದ ಪಾಸನ್ನು 2021ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ. ಅದೇ ವರ್ಷ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ, 2001-02ರಷ್ಟು ಹಿಂದೆ ಸೇರಿ ಪದವಿ ಮುಗಿಸದವರಿಗೂ ವಿಶೇಷ ಅವಕಾಶ ಕೊಟ್ಟಿತು. ಇಪ್ಪತ್ತು ವರ್ಷದ ಬಾಕಿ! ಮನ್ನಾದಿಂದಲೂ ಮರುಅವಕಾಶದಿಂದಲೂ ಕಲಿಕೆಗೆ ಒಂದು ಗಂಟೆಯೂ ಸೇರಲಿಲ್ಲ.

ಎಂಜಿನಿಯರಿಂಗ್‌ನಲ್ಲಿ ಬಾಕಿ ಶುರುವಾಗುವುದು ಹೆಚ್ಚಾಗಿ ಮೊದಲ ವರ್ಷದ ಗಣಿತದಲ್ಲಿ. ತಮಿಳುನಾಡಿನದೇ ಗಡಿ ಊರುಗಳಾದ ಹೊಸೂರು, ತಾಳವಾಡಿ ಕಡೆಯ ಕನ್ನಡ ಮನೆಗಳಿಂದ ಬರುವ ಹುಡುಗ ಹುಡುಗಿಯರಿಗೆ ತರಗತಿಯ ಇಂಗ್ಲಿಷ್ ಒಂದು ಹೊರೆ, ಹಾಸ್ಟೆಲಿನ ತಮಿಳು ಇನ್ನೊಂದು. ಲೆಕ್ಕ ಬರದೆ ಅಲ್ಲ, ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯದೆ ಸೋತವರೂ ಇದ್ದಾರೆ. ಗಣಿತ ಉಳಿದರೆ ಅದರ ಮೇಲೆ ನಿಂತ ಸಿಗ್ನಲ್ಸ್ ಪತ್ರಿಕೆಯೂ ಉಳಿಯುತ್ತದೆ. ಆರನೇ ಸೆಮಿಸ್ಟರಿನ ಹೊತ್ತಿಗೆ ಐದು ಹೊಸ ಪತ್ರಿಕೆ, ನಾಲ್ಕು ಹಳೆಯವು. ಒಂದೇ ತಿಂಗಳಲ್ಲಿ ಒಂಬತ್ತು ಪರೀಕ್ಷೆ.

ಇಲ್ಲಿ ಮೆಂಟರ್, ಅಂದರೆ ವಿದ್ಯಾರ್ಥಿಗೆ ಮಾರ್ಗದರ್ಶಕರಾದ ಅಧ್ಯಾಪಕರು, ಮಾಡಬಹುದಾದ ಮೊದಲ ಕೆಲಸ ಉಪದೇಶವಲ್ಲ, ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟು ಲೆಕ್ಕ. 160 ಕ್ರೆಡಿಟ್‌ನ ಪದವಿಯಲ್ಲಿ 60 ಕ್ರೆಡಿಟ್ ಮುಗಿದು ಸಿಜಿಪಿಎ 5.2 ಇದೆ ಎನ್ನೋಣ. ಗುರಿ 6. ಉಳಿದ 100 ಕ್ರೆಡಿಟ್‌ಗೆ ಬೇಕಾದ ಸರಾಸರಿ 6.48. ‘ಇನ್ನು ಆಗಲ್ಲ ಸಾರ್’ ಎಂದು ಬಂದವರ ಮುಖ ಈ ಅಂಕಿ ನೋಡಿ ಸಡಿಲವಾಗುತ್ತದೆ. ಆಮೇಲಿನದು ಸರದಿ: ಬೇರೆ ಪತ್ರಿಕೆಗಳಿಗೆ ತಳಪಾಯವಾದದ್ದು ಮೊದಲು, ಒಂಟಿಯಾಗಿ ನಿಂತದ್ದು ಆಮೇಲೆ. ಒಂಬತ್ತನ್ನೂ ಬರೆದು ಎಲ್ಲದರಲ್ಲೂ ಮುಗ್ಗರಿಸುವುದಕ್ಕಿಂತ ಹಳೆಯದರಲ್ಲಿ ಎರಡನ್ನು ಗಟ್ಟಿ ಮಾಡುವುದು ಮೇಲು.

ಹಾಜರಾತಿ ಕುಸಿದಿದ್ದರೆ ಕಾರಣ ಕೇಳಬೇಕು. ಕೆಲವೊಮ್ಮೆ ಅದು ರಾತ್ರಿ ಪಾಳಿಯ ಕೆಲಸ, ಕೆಲವೊಮ್ಮೆ ಖಿನ್ನತೆ. ಎರಡನೆಯದಕ್ಕೆ ಆಪ್ತಸಮಾಲೋಚಕರೇ ಬೇಕು.

ಉಳಿದದ್ದು ವೇಳಾಪಟ್ಟಿಯ ಮಾತು. ಅರಿಯರ್ ಪತ್ರಿಕೆಗೂ ವಾರಕ್ಕೆ ಎರಡು ಗಂಟೆ ಪಾಠ, ಒಬ್ಬ ಅಧ್ಯಾಪಕ, ಒಂದು ಕೊಠಡಿ ಬೇಕು. ಹೊಸ ಪತ್ರಿಕೆಯ ಮೊದಲ ಇಂಟರ್ನಲ್ಸ್‌ನಲ್ಲೇ ಎಡವಿದವರಿಗೆ, ಆ ಫಲಿತಾಂಶ ಬಂದ ವಾರವೇ ಇಂಥ ಪಾಠ ಶುರುವಾಗಬೇಕು. ಸೆಮಿಸ್ಟರ್ ಫಲಿತಾಂಶಕ್ಕೆ ಕಾದರೆ ಮುಂದಿನ ಪಾಠಗಳು ಆಗಲೇ ಅರ್ಧ ದಾರಿ ಸಾಗಿರುತ್ತವೆ.